ಹೊರಟು ನಿಂತ ಹಕ್ಕಿಗಳು

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ಈ ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಹೊರಟುಹೋಗುವಷ್ಟು ಚಳಿ ಎಲ್ಲಿದೆಯೆಂದು ತಾವು ನಗಬಹುದು. ಚಳಿ ಇಲ್ಲದಿದ್ದರೂ ಇಲ್ಲಿಂದಲೂ ಈ ದಿನಗಳಲ್ಲಿ ಹೊರಡುವವರು ಉಂಟು. ಆಲುವೆಯಲ್ಲಿ ಪೆರಿಯಾರ್ ನದಿಯ ಮರಳಿನ ಮೇಲೆ ಶಿವರಾತ್ರಿಯ ಜನ ಸೇರುವ ಹೊತ್ತಿಗೆ, ಆ ನದಿ ಹೋಗಿ ಸೇರುವ ಹಿನ್ನೀರಿನಲ್ಲೂ ಸುತ್ತಲಿನ ಗದ್ದೆಗಳಲ್ಲೂ ಸಾವಿರಾರು ಹಕ್ಕಿಗಳು ದೂರದ ಪ್ರಯಾಣಕ್ಕೆ ಅಣಿಯಾಗುತ್ತಿರುತ್ತವೆ. ಫೆಬ್ರವರಿಯ ಕೊನೆಯಿಂದ ಏಪ್ರಿಲಿನ ಕೊನೆಯವರೆಗೆ ನಡೆಯುವ ಈ ಹೊರಡುವಿಕೆಯೇ ಇಂದಿನ ನನ್ನ ಮಾತಿನ ವಿಷಯ.

ಹಗಲೆಲ್ಲ ಹೋಟೆಲಿನ ಒಲೆಯ ಮುಂದೆ, ಇಲ್ಲವೆ ಕಚೇರಿಯ ಕಡತಗಳ ನಡುವೆ ದುಡಿಯುವ ನಮಗೆ ಹಕ್ಕಿಗಳ ಗೊಡವೆ ಏಕೆ ಎಂದು ಕೇಳುವವರು ಇರಬಹುದು. ನ್ಯಾಯವಾದ ಪ್ರಶ್ನೆಯೆ. ಇದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ, ರಜೆ ಹಾಕಬೇಕಾಗಿಲ್ಲ, ದುರ್ಬೀನು ಕೊಳ್ಳಬೇಕಾಗಿಯೂ ಇಲ್ಲ. ಕೆಲಸಕ್ಕೆ ಹೋಗುವ ದಾರಿಯಲ್ಲೇ ಕಾಣತಕ್ಕ ಸಂಗತಿಯಿದು. ಅದಕ್ಕಿಂತ ದೊಡ್ಡ ಕಾರಣವೊಂದಿದೆ; ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕೊಚ್ಚಿಯ ಮಾತು. ಎರ್ಣಾಕುಳಂ ದೋಣಿಕಟ್ಟೆಯಿಂದ ಮಟ್ಟಂಚೇರಿಗೊ ಫೋರ್ಟ್ ಕೊಚ್ಚಿಗೊ ವೈಪ್ಪಿನಿಗೊ ಹೋಗಿಬರುವವರು ನಮ್ಮಲ್ಲಿ ಅನೇಕರು. ಹಳೆಯ ದೋಣಿಯಲ್ಲಿ ಹೋದರೂ ಸರಿಯೆ, ೨೦೨೩ರಲ್ಲಿ ಆರಂಭವಾದ ಜಲ ಮೆಟ್ರೋದಲ್ಲಿ ಹೋದರೂ ಸರಿಯೆ, ಸ್ವಲ್ಪ ಹೊತ್ತು ನೀರಿನ ಮೇಲೆ ಕಣ್ಣಿಡಿ. ತೆಳ್ಳನೆಯ ರೆಕ್ಕೆಗಳಲ್ಲಿ ತೇಲಿಬಂದು, ತಟ್ಟನೆ ನೀರಿಗೆ ಕೊಕ್ಕು ಮುಟ್ಟಿಸಿ ಏಳುವ ಬಿಳಿಬೂದು ಬಣ್ಣದ ಹಕ್ಕಿ ಕಂಡರೆ ಅದು ರೀವ. ಮಲೆಯಾಳದಲ್ಲಿ ಅದನ್ನು ‘ಆಳ’ ಎನ್ನುತ್ತಾರೆ. ಅದಕ್ಕಿಂತ ಗಾತ್ರದಲ್ಲಿ ದೊಡ್ಡದಾಗಿ, ಹಡಗುಗಳ ಸುತ್ತ, ಚೀನೀ ಬಲೆಗಳ ಸುತ್ತ ಮೀನಿನ ಚೂರಿಗಾಗಿ ಹಾರಾಡುವುದು ಕಡಲಕಾಗೆ. ಅದರಲ್ಲಿ ಕಂದುತಲೆಯ ಜಾತಿಯ ತವರು ಟಿಬೆಟ್ಟಿನ ಮತ್ತು ಮಧ್ಯ ಏಷ್ಯದ ಎತ್ತರದ ಸರೋವರಗಳು. ಸಮುದ್ರದ ಹಕ್ಕಿಯೆಂದು ನಾವು ತಿಳಿದಿರುವುದು ಹುಟ್ಟುವುದು ಪರ್ವತದ ಮೇಲೆ! ಹೈಕೋರ್ಟಿನ ಹಿಂದೆ, ಮೂರು ಹೆಕ್ಟೇರೂ ಇಲ್ಲದ ಮಂಗಳವನಂ ಎಂಬ ಕಾಂಡ್ಲಾ ವನವಿದೆ. ೨೦೦೪ರಲ್ಲಿ ಅದನ್ನು ಪಕ್ಷಿಧಾಮವೆಂದು ಸಾರಿದರು. ನಗರದ ಗದ್ದಲದ ನಡುವೆ ಹಕ್ಕಿಗಳಿಗೆ ಉಳಿದಿರುವ ಒಂದು ಕೈಯಗಲದ ನೆರಳು ಅದು.

ತಿರುವನಂತಪುರದ ಬಂಧುಗಳು ಅಸೂಯೆಪಡಬೇಕಾಗಿಲ್ಲ. ನಗರದ ಅಂಚಿನಲ್ಲಿ ವೆಳ್ಳಾಯಣಿಯ ಸಿಹಿನೀರಿನ ಸರೋವರವೂ, ಅದರ ಪಕ್ಕದಲ್ಲಿ ಪುಂಚಕ್ಕರಿಯ ಗದ್ದೆಗಳೂ ಇವೆ. ಬೆಳಗಿನ ಬಸ್ಸಿನಲ್ಲಿ ಹೋದರೆ ಊಟದ ಹೊತ್ತಿಗೆ ಮನೆಗೆ ಮರಳಬಹುದು. ಅಲ್ಲಿ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತ ಕವಲುಬಾಲದ ಅಂಬರಗುಬ್ಬಿಗಳು. ಬದುವಿನ ಮೇಲೆ ಬಾಲ ಕುಣಿಸುತ್ತ ಓಡಾಡುವ ಹಳದಿ ಹೊಟ್ಟೆಯ ಕುಂಡೆಕುಸ್ಕಗಳು. ಕೆಸರಿನಲ್ಲಿ ಉದ್ದ ಕೊಕ್ಕು ಊರುವ ಗೊರವಗಳು. ತಂತಿಯಿಂದ ಹಾರಿ ದುಂಬಿಯನ್ನು ಗಾಳಿಯಲ್ಲೇ ಹಿಡಿದು ಮತ್ತೆ ತಂತಿಗೆ ಬರುವ ನೀಲಿಬಾಲದ ಕಳ್ಳಿಪೀರಗಳು. ಕುಂಡೆಕುಸ್ಕಕ್ಕೆ ಮಲೆಯಾಳದ ಹೆಸರು ‘ವಾಲುಕುಲುಕ್ಕಿ’, ಎಂದರೆ ಬಾಲ ಕುಲುಕುವುದು. ನಮ್ಮ ಹಳ್ಳಿಯವನೂ ಇಲ್ಲಿಯ ಹಳ್ಳಿಯವನೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಹೆಸರಿಟ್ಟಿದ್ದಾರೆ. ಮಾತು ಎರಡಾದರೂ ನೋಡಿದ ಕಣ್ಣು ಒಂದೇ.

ಇಲ್ಲಿಯ ಹಕ್ಕಿಗಳ ಲೆಕ್ಕ ಇಂದು ನಿನ್ನೆಯದಲ್ಲ. ೧೯೩೩ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಿಗಾಗಿ ಸಲೀಂ ಅಲಿಯವರು ಊರೂರು ತಿರುಗಿ ಹಕ್ಕಿಗಳ ಸಮೀಕ್ಷೆ ಮಾಡಿದರು. ಅದರ ಫಲವಾದ ಗ್ರಂಥ ೧೯೫೩ರಲ್ಲಿ ಹೊರಬಂತು. ಅವರು ಅಂದು ಮೆಚ್ಚಿದ ತಟ್ಟೇಕ್ಕಾಡ್ ೧೯೮೩ರಲ್ಲಿ ಪಕ್ಷಿಧಾಮವಾಯಿತು. ಇದೇ ಸಲೀಂ ಅಲಿಯವರು ಮುಂದೆ ಮೈಸೂರು ಸಂಸ್ಥಾನಕ್ಕೂ ಬಂದು ಅಲ್ಲಿಯ ಹಕ್ಕಿಗಳನ್ನೂ ಬರೆದಿಟ್ಟರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ೧೯೪೦ರಲ್ಲಿ ಪಕ್ಷಿಧಾಮವಾದುದರ ಹಿಂದೆ ಅವರ ಸಲಹೆಯಿತ್ತು. ಕೇರಳದ ಜನರಿಗೆ ಅವರದೇ ನುಡಿಯಲ್ಲಿ ಹಕ್ಕಿಗಳನ್ನು ಪರಿಚಯಿಸಿದವರು ‘ಇಂದುಚೂಡನ್’ ಎಂಬ ಹೆಸರಿನಿಂದ ಬರೆಯುತ್ತಿದ್ದ ನೀಲಕಂಠನ್ ಎಂಬ ಅಧ್ಯಾಪಕರು. ಅವರ ‘ಕೇರಳತ್ತಿಲೆ ಪಕ್ಷಿಗಳ್’ ೧೯೫೮ರಲ್ಲಿ ಪ್ರಕಟವಾಯಿತು. ಮಲೆಯಾಳ ಓದಬಲ್ಲ ಸದಸ್ಯರು ಅದನ್ನು ತಪ್ಪದೆ ನೋಡಬೇಕು.

ಈಗ ವಿಷಯದ ಒಳಗೆ ಹೋಗೋಣ. ಹಕ್ಕಿ ಹೊರಟಿದೆಯೆಂದು ತಿಳಿಯುವುದು ಹೇಗೆ? ಮೂರು ಗುರುತುಗಳುಂಟು.

ಮೊದಲನೆಯದು ಉಡುಪು. ನಾವು ಊರಿಗೆ ಹೊರಡುವಾಗ ಹೊಸ ಅಂಗಿ ತೊಡುವಂತೆ ಇವೂ ತೊಡುತ್ತವೆ. ಚಳಿಗಾಲವೆಲ್ಲ ಕಂದುತಲೆಯ ಕಡಲಕಾಗೆಯ ತಲೆ ಬಿಳಿಯಾಗಿಯೇ ಇರುತ್ತದೆ. ಕಿವಿಯ ಹತ್ತಿರ ಒಂದು ಕಪ್ಪು ಬೊಟ್ಟು ಮಾತ್ರ. ಫೆಬ್ರವರಿ ಮಾರ್ಚಿನಲ್ಲಿ ತಲೆಗೆ ಕಾಫಿಯ ಬಣ್ಣ ಏರತೊಡಗುತ್ತದೆ. ಪುದುವೈಪಿನ ಕಡಲದಂಡೆಯಲ್ಲಿ ಮರಳಿಗೂ ಅದಕ್ಕೂ ವ್ಯತ್ಯಾಸವೇ ಕಾಣದಂತೆ ಓಡಾಡುತ್ತಿದ್ದ ಪುಟ್ಟ ಗೊರವದ ಎದೆ ಇಟ್ಟಿಗೆಯ ಕೆಂಪಾಗುತ್ತದೆ. ಗದ್ದೆಯಲ್ಲಿ ಮಂಕಾಗಿದ್ದ ಹೊಂಬಣ್ಣದ ಗೊರವಕ್ಕೆ ಏಪ್ರಿಲಿನ ಹೊತ್ತಿಗೆ ಮುಖದಿಂದ ಹೊಟ್ಟೆಯವರೆಗೆ ಕಪ್ಪು ಬಣ್ಣ ಬರುತ್ತದೆ; ಬೆನ್ನಿನ ಮೇಲೆ ಚಿನ್ನದ ಚುಕ್ಕೆಗಳು ಬೆಳಗುತ್ತವೆ. ಇದು ತವರಿನಲ್ಲಿ ಜೊತೆಗಾರಳನ್ನು ಒಲಿಸಿಕೊಳ್ಳುವುದಕ್ಕೆ ಬೇಕಾದ ಮದುವೆಯ ಉಡುಪು. ಆದರೆ ಅದನ್ನು ನೇಯ್ದುಕೊಳ್ಳುವುದು ಇಲ್ಲಿ, ನಮ್ಮೂರ ಕೆಸರಿನ ಹುಳುಗಳನ್ನು ತಿಂದು.

ಎರಡನೆಯ ಗುರುತು ಹಸಿವು. ಹೊರಡುವ ಮುಂಚಿನ ವಾರಗಳಲ್ಲಿ ಹಕ್ಕಿಗಳು ಎಡೆಬಿಡದೆ ತಿನ್ನುತ್ತವೆ. ತಿಂದುದನ್ನು ಚರ್ಮದ ಅಡಿಯಲ್ಲಿ ಕೊಬ್ಬಾಗಿ ಕೂಡಿಡುತ್ತವೆ. ಕೆಲವು ಸಣ್ಣ ಹಕ್ಕಿಗಳ ತೂಕ ಹೆಚ್ಚುಕಡಮೆ ಇಮ್ಮಡಿಯಾಗುವುದೂ ಉಂಟು. ಒಂದು ಗ್ರಾಂ ಹಿಟ್ಟು ಕೊಡುವ ಶಕ್ತಿಗಿಂತ ಒಂದು ಗ್ರಾಂ ಕೊಬ್ಬು ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಅದು ಒಡಲಲ್ಲಿ ಉರಿದಾಗ ನೀರೂ ದೊರೆಯುತ್ತದೆ. ಹಗುರವಾದ ಬುತ್ತಿ ಕಟ್ಟುವುದರಲ್ಲಿ ಹಕ್ಕಿಯನ್ನು ಮೀರಿಸಿದವರಿಲ್ಲ. ಈ ಬುತ್ತಿಯ ಬಲ ಎಷ್ಟೆಂಬುದಕ್ಕೆ ಒಂದು ನಿದರ್ಶನ: ೨೦೨೨ರ ಅಕ್ಟೋಬರಿನಲ್ಲಿ ಪಟ್ಟೆಬಾಲದ ಗೊರವದ ಮರಿಯೊಂದು ಅಲಾಸ್ಕದಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ, ಎಲ್ಲಿಯೂ ಇಳಿಯದೆ, ಹನ್ನೊಂದು ದಿನಗಳಲ್ಲಿ ೧೩,೫೬೦ ಕಿಲೋಮೀಟರು ಹಾರಿತು. ಅದರ ಬೆನ್ನಿಗೆ ಕಟ್ಟಿದ್ದ ಪುಟ್ಟ ಯಂತ್ರ ಉಪಗ್ರಹಕ್ಕೆ ಸುದ್ದಿ ಕೊಡುತ್ತಿತ್ತು. ಅದರ ಪ್ರಾಯ ಆಗ ಸುಮಾರು ಐದು ತಿಂಗಳು!

ಮೂರನೆಯದು ಚಡಪಡಿಕೆ. ಪಂಜರದಲ್ಲಿಟ್ಟ ವಲಸೆ ಹಕ್ಕಿಯೂ ಹೊರಡುವ ಕಾಲ ಬಂದಾಗ ರಾತ್ರಿ ನಿದ್ದೆ ಬಿಟ್ಟು ರೆಕ್ಕೆ ಬಡಿಯುತ್ತ ಜಿಗಿದಾಡುತ್ತದೆ. ಕಾಲ ಬಂದುದು ಅದಕ್ಕೆ ತಿಳಿಯುವುದು ಹೇಗೆ? ಉತ್ತರದ ದೇಶಗಳಲ್ಲಿ ಹಗಲು ಉದ್ದವಾಗುವುದನ್ನು ನೋಡಿ ತಿಳಿಯುತ್ತದೆ. ತಿರುವನಂತಪುರದಲ್ಲಾದರೊ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೇ ಗಂಟೆ. ಜರ್ಮನಿಯ ಏಬರ್‌ಹಾರ್ಡ್ ಗ್ವಿನ್ನರ್ ಎಂಬ ವಿಜ್ಞಾನಿ ೧೯೬೦ರ ದಶಕದಿಂದ ಇದನ್ನು ಪರೀಕ್ಷಿಸಿ ನೋಡಿದರು. ಸಣ್ಣ ವಲಸೆ ಹಕ್ಕಿಗಳನ್ನು ಪ್ರತಿದಿನವೂ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಇರುವ ಕೋಣೆಯಲ್ಲಿ ಬಹುಕಾಲ ಇಟ್ಟರು. ಋತು ಬದಲಾದುದನ್ನು ಹೇಳುವ ಯಾವ ಸೂಚನೆಯೂ ಇಲ್ಲದಿದ್ದರೂ ಅವು ಹೆಚ್ಚುಕಡಮೆ ವರ್ಷಕ್ಕೊಮ್ಮೆ ಗರಿ ಬದಲಿಸಿದುವು, ಹೊರಡುವ ಕಾಲಕ್ಕೆ ಚಡಪಡಿಸಿದುವು. ಪಂಚಾಂಗ ಅವುಗಳ ಮೈಯೊಳಗೇ ಇದೆಯೆಂದು ಇದರಿಂದ ಸಿದ್ಧವಾಯಿತು.

ಹೊರಟವು ಹೋಗುವುದಾದರೂ ಎಲ್ಲಿಗೆ? ಬೂದು ಬೆನ್ನಿನ ಕುಂಡೆಕುಸ್ಕ ಹಿಮಾಲಯದ ಹೊಳೆಗಳ ಬದಿಗೆ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಮಧ್ಯ ಏಷ್ಯ, ಸೈಬೀರಿಯದ ಜವುಗುಗಳಿಗೆ. ಹೊಂಬಣ್ಣದ ಗೊರವ ಉತ್ತರ ಧ್ರುವದ ಹತ್ತಿರದ ಮರವಿಲ್ಲದ ಬಯಲಿಗೆ. ಕೊಚ್ಚಿಯಿಂದ ಅಲ್ಲಿಗೆ ನೇರವಾಗಿ ಅಳೆದರೂ ಆರು ಸಾವಿರ ಕಿಲೋಮೀಟರಿಗೆ ಮಿಕ್ಕುತ್ತದೆ. ಎಲ್ಲವೂ ಅಷ್ಟು ದೂರ ಹೋಗುವುದಿಲ್ಲ. ಕೊಚ್ಚಿಯ ಹಿತ್ತಲುಗಳಲ್ಲಿ ಚಳಿಗಾಲ ಕಳೆಯುವ ನವರಂಗ ಹಕ್ಕಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಗೂಡು ಕಟ್ಟುತ್ತದೆ. ನಾನು ಹೇಳಿದ ನೀಲಿಬಾಲದ ಕಳ್ಳಿಪೀರವಂತೂ ನಮ್ಮವರಿಗೆ ಹತ್ತಿರದ ನೆಂಟ. ಶ್ರೀರಂಗಪಟ್ಟಣದ ಬಳಿ ನಗುವನಹಳ್ಳಿಯಲ್ಲಿ ಕಾವೇರಿಯ ಮಣ್ಣಿನ ದಂಡೆಗೆ ಬಿಲ ಕೊರೆದು ಈ ಜಾತಿಯ ಹಕ್ಕಿಗಳು ಬೇಸಿಗೆಯಲ್ಲಿ ಮರಿಮಾಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಹೊರಡುವುದೂ ಇದೇ ದಿನಗಳಲ್ಲಿ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಇಂಥ ಹೆಬ್ಬಾತುಗಳನ್ನು ಮೈಸೂರು ಸೀಮೆಯ ಕೆರೆಗಳಲ್ಲಿ ಜನ ಕಂಡಿದ್ದಾರೆ.

ಈ ದಾರಿಗಳು ತಿಳಿದುಬಂದ ಬಗೆಯಲ್ಲಿ ನಮ್ಮ ನಾಡಿನ ಕಥೆಯೊಂದು ಸೇರಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಜನರಿಗೂ ವಿಷಜ್ವರ ತಗುಲಿತು. ಅದರ ರೋಗಾಣು ರಷ್ಯದ ಒಂದು ರೋಗಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳೇ ಅದನ್ನು ಹೊತ್ತು ತಂದುವೊ ಎಂಬ ಶಂಕೆ ಹುಟ್ಟಿತು. ಅದನ್ನು ಪರೀಕ್ಷಿಸುವುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಮುಂಬಯಿಯ ನಿಸರ್ಗ ಇತಿಹಾಸ ಸಂಘದವರು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದರು. ಹಕ್ಕಿಗಳ ಮೇಲಿನ ಆ ಅಪವಾದ ರುಜುವಾಗಲಿಲ್ಲ. ಆದರೆ ಆ ನೆಪದಲ್ಲಿ ಹಕ್ಕಿಗಳ ದಾರಿ ಒಂದೊಂದಾಗಿ ತೆರೆಯಿತು. ಹೊರಗಿನಿಂದ ಬಂದವರ ಮೇಲೆ ಮೊದಲ ಶಂಕೆ ಬೀಳುವುದು ಮನುಷ್ಯರಲ್ಲೂ ಇದ್ದದ್ದೇ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಈ ಹಕ್ಕಿಗಳನ್ನು ಪತ್ರಿಕೆಗಳವರು ‘ವಿದೇಶೀ ಅತಿಥಿಗಳು’ ಎಂದು ಬರೆಯುತ್ತಾರೆ. ನಮ್ಮಲ್ಲಿ ಗುಮಾಸ್ತರು ಬಹಳ ಮಂದಿ ಇದ್ದೀರಿ. ಹಾಜರಿ ಪುಸ್ತಕ ತೆಗೆದು ನೋಡಿ. ನೀರಿನಂಚಿನಲ್ಲಿ ಒಂಟಿಯಾಗಿ ಬಾಲ ತೂಗುತ್ತ ನಡೆಯುವ ಸಣ್ಣ ಗೊರವ ಇಲ್ಲಿಗೆ ಆಗಸ್ಟಿನಲ್ಲೇ ಬಂದುಬಿಡುತ್ತದೆ. ಹೋಗುವುದು ಏಪ್ರಿಲಿನ ಕೊನೆಗೆ. ಒಂಬತ್ತು ತಿಂಗಳ ಹಾಜರಿ! ಹುಟ್ಟೂರಿನಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಬೆಳೆಸುವುದಕ್ಕೆ ಎರಡು ಮೂರು ತಿಂಗಳು ಸಾಕು. ಇಂಥ ನೀರುಹಕ್ಕಿಗಳಲ್ಲಿ ಕೆಲವು ಜಾತಿಯ ಮರಿಗಳು ಮೊದಲ ವರ್ಷ ಊರಿಗೆ ಹೋಗುವುದೇ ಇಲ್ಲ. ಮಳೆಗಾಲವನ್ನೂ ಇಲ್ಲೇ ಕಳೆಯುತ್ತವೆ. ಒಂಬತ್ತು ತಿಂಗಳು ಮನೆಯಲ್ಲಿದ್ದು ಉಣ್ಣುವವನನ್ನು ಅತಿಥಿ ಎನ್ನುವುದುಂಟೆ? ಅವು ಎರಡೂರಿನ ಹಕ್ಕಿಗಳು. ಒಂದೂರು ಹುಟ್ಟಿಸುತ್ತದೆ, ಇನ್ನೊಂದೂರು ಬದುಕಿಸುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಹಕ್ಕಿ ಉಳಿಯದು.

ನಮ್ಮ ಸಂಗತಿಯೂ ಇದೇ ಅಲ್ಲವೆ? ಉಡುಪಿ, ಕುಂದಾಪುರಗಳಿಂದ ಬಂದು ಇಲ್ಲಿ ಹೋಟೆಲುಗಳಲ್ಲಿ ದುಡಿಯುವವರು, ಬೇರೆ ಜಿಲ್ಲೆಗಳಿಂದ ಬ್ಯಾಂಕು ಬಂದರುಗಳ ಕೆಲಸಕ್ಕೆ ಬಂದವರು, ವರ್ಷದಲ್ಲಿ ಹದಿನೈದು ದಿನ ಊರು ನೋಡಿ ಮಿಕ್ಕ ದಿನವೆಲ್ಲ ಇಲ್ಲೇ ಇರುವವರು. ಕಾಸರಗೋಡಿನಿಂದ ತಿರುವನಂತಪುರದ ಕಚೇರಿಗಳಿಗೆ ಬಂದವರಿಗಾದರೊ ೧೯೫೬ರ ನವೆಂಬರ್ ೧ರಿಂದ ಇದು ತಮ್ಮದೇ ರಾಜ್ಯದ ರಾಜಧಾನಿ. ‘ನಮ್ಮ ಊರು ಬೇರೆ, ಇಲ್ಲಿಯದು ನಮಗೇಕೆ’ ಎನ್ನುವ ಮಾತು ನಮ್ಮ ಬಾಯಲ್ಲಿ ಆಗಾಗ ಬರುತ್ತದೆ. ಅನ್ನ ತಿನ್ನುವ ಊರಿನ ನೀರು, ಗದ್ದೆ, ಮರಗಳ ಕ್ಷೇಮ ನಮ್ಮ ಕೆಲಸವೂ ಹೌದು. ಮೊದಲು ಹೇಳುತ್ತೇನೆಂದ ದೊಡ್ಡ ಕಾರಣ ಇದು.

ಆ ಕ್ಷೇಮಕ್ಕೆ ಈಗ ಕುತ್ತು ಬಂದಿದೆ. ಚೆಲ್ಲಾನಂ, ಕಂಡಕ್ಕಡವು, ಕಡಮಕ್ಕುಡಿಗಳ ಕಡೆ ‘ಪೊಕ್ಕಾಳಿ’ ಎಂಬ ಭತ್ತವನ್ನು ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುತ್ತಾರೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಭತ್ತ. ಕೊಯ್ಲಾದ ಮೇಲೆ ಏಪ್ರಿಲಿನವರೆಗೆ ಅದೇ ನೀರಿನಲ್ಲಿ ಸೀಗಡಿ. ಭತ್ತದ ಕೂಳೆ ಕೊಳೆತು ಹುಳುವಾಗುತ್ತದೆ, ಸೀಗಡಿಗೂ ಹಕ್ಕಿಗೂ ಮೇವಾಗುತ್ತದೆ. ರೈತನ ಲೆಕ್ಕದಲ್ಲಿ ಎರಡು ಬೆಳೆ. ಹಕ್ಕಿಯನ್ನೂ ಸೇರಿಸಿದರೆ ಮೂರು. ಹೊರಡುವ ಹಕ್ಕಿಗೆ ಬುತ್ತಿ ಬೇಕಾಗುವ ಹೊತ್ತಿಗೆ ಸರಿಯಾಗಿ ಕೆಸರು ಮೇಲೇಳುವಂತೆ ಈ ಬೇಸಾಯ ಕೂಡಿಬಂದಿದೆ. ಆದರೆ ಇಂಥ ಗದ್ದೆಗಳು ಬಹಳ ಕಡಮೆಯಾಗಿವೆ. ಕೇರಳದಲ್ಲಿ ೧೯೭೪-೭೫ರಲ್ಲಿ ಸುಮಾರು ೮.೮ ಲಕ್ಷ ಹೆಕ್ಟೇರು ಇದ್ದ ಭತ್ತದ ಬೇಸಾಯ ಈಗ ಎರಡು ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಗದ್ದೆಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುವುದನ್ನು ತಡೆಯಲು ೨೦೦೮ರಲ್ಲಿ ಕಾಯಿದೆ ಮಾಡಬೇಕಾಯಿತು.

ಇದರ ಪೆಟ್ಟು ಕಣ್ಣಿಗೆ ಕಾಣುವಂತೆ ಬೀಳುವುದಿಲ್ಲ. ಗದ್ದೆ ಹೋದರೆ ಹಕ್ಕಿ ಅಲ್ಲೇ ಸತ್ತುಬೀಳುವುದಿಲ್ಲ. ಮಾರ್ಚಿನಲ್ಲಿ ತುಂಬಬೇಕಾದ ಬುತ್ತಿ ಅರ್ಧ ತುಂಬುತ್ತದೆ. ಹಕ್ಕಿ ತಡವಾಗಿ ಹೊರಡುತ್ತದೆ, ಇಲ್ಲವೆ ಬಡವಾಗಿ ಹೊರಡುತ್ತದೆ. ಸಾವಿರಾರು ಮೈಲಿಯಾಚೆ, ಯಾರೂ ನೋಡದ ಕಡೆ, ಅದರ ಫಲ ತೋರುತ್ತದೆ: ದಾರಿಯಲ್ಲಿ ಬಿದ್ದ ಹಕ್ಕಿ, ಮೊಟ್ಟೆಯಿಡದ ಗೂಡು. ಮುಂದಿನ ಆಗಸ್ಟಿನಲ್ಲಿ ನಮ್ಮ ದಂಡೆಗೆ ಹತ್ತು ಬರುವಲ್ಲಿ ಏಳು ಬರುತ್ತವೆ. ಸುಮಾರು ಮೂವತ್ತು ಸಾವಿರ ಪಕ್ಷಿವೀಕ್ಷಕರ ಬರಹಗಳನ್ನು ಕೂಡಿಸಿ, ೯೪೨ ಜಾತಿಗಳನ್ನು ಪರಿಶೀಲಿಸಿ ೨೦೨೩ರಲ್ಲಿ ಹೊರಬಂದ ಭಾರತದ ಹಕ್ಕಿಗಳ ವರದಿಯೂ ದೂರದ ವಲಸೆ ಹಕ್ಕಿಗಳು, ಅದರಲ್ಲೂ ದಂಡೆಯ ಹಕ್ಕಿಗಳು ಇಳಿಮುಖವಾಗಿರುವುದನ್ನು ಎತ್ತಿ ಹೇಳಿದೆ.

ನಮ್ಮಂಥವರಿಂದ ಏನಾದೀತು? ಆ ಮೂವತ್ತು ಸಾವಿರ ಮಂದಿಯಲ್ಲಿ ಹೆಚ್ಚಿನವರು ನಮ್ಮಂಥವರೇ. ೨೦೧೫ರಿಂದ ೨೦೨೦ರವರೆಗೆ ಕೇರಳದಲ್ಲಿ ಸಾವಿರಕ್ಕೂ ಹೆಚ್ಚು ಜನ ಸಾಮಾನ್ಯರು ರಾಜ್ಯವನ್ನು ಚೌಕಗಳಾಗಿ ಹಂಚಿಕೊಂಡು, ಬೇಸಿಗೆ ಮಳೆಗಾಲಗಳೆರಡರಲ್ಲೂ ತಿರುಗಿ, ೩೬೧ ಜಾತಿಯ ಹಕ್ಕಿಗಳ ಸುಮಾರು ಮೂರು ಲಕ್ಷ ದಾಖಲೆಗಳನ್ನು ಕೂಡಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ೨೦೦೭ರಲ್ಲಿ ಆರಂಭವಾದ ವಲಸೆ ಹಕ್ಕಿಗಳ ಯೋಜನೆಯಲ್ಲಿ ಜನರನ್ನು ಕೇಳಿದ್ದು ಬಹು ಸರಳವಾದ ಸಂಗತಿ: ಹಕ್ಕಿಯನ್ನು ಮೊದಲು ಕಂಡ ದಿನ ಯಾವುದು, ಕೊನೆಗೆ ಕಂಡ ದಿನ ಯಾವುದು?

ಈ ಎರಡನೆಯ ಪ್ರಶ್ನೆ ಕೇಳುವುದಕ್ಕೆ ಸುಲಭ, ಉತ್ತರಿಸುವುದಕ್ಕೆ ಕಷ್ಟ. ಹಕ್ಕಿ ಬಂದ ದಿನ ಗೊತ್ತಾಗುತ್ತದೆ. ನಿನ್ನೆ ಇರಲಿಲ್ಲ, ಇಂದು ಇದೆ. ಹೋದ ದಿನ ಅಂದೇ ಗೊತ್ತಾಗುವುದಿಲ್ಲ. ಬಹಳ ಹಕ್ಕಿಗಳು ರಾತ್ರಿಯಲ್ಲಿ, ಯಾರಿಗೂ ಹೇಳದೆ ಹೊರಡುತ್ತವೆ. ತಂತಿ ಬರಿದಾದುದನ್ನು ನಾವು ವಾರದ ಮೇಲೆ ಗಮನಿಸುತ್ತೇವೆ. ಆದುದರಿಂದ ಕಂಡ ದಿನಗಳನ್ನೆಲ್ಲ ಬರೆಯಬೇಕು. ನೋಡಿಯೂ ಕಾಣದ ದಿನವನ್ನೂ ಬರೆಯಬೇಕು.

ಇದಕ್ಕಾಗಿ ವಾಚನಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿ, ಒಂದು ನೋಟುಪುಸ್ತಕವನ್ನೂ ದಾರ ಕಟ್ಟಿದ ಒಂದು ಪೆನ್ಸಿಲನ್ನೂ ಇಡಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ತಾರೀಖು, ಸ್ಥಳ, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು: ಐದು ಕಲಮುಗಳು. ಎಲ್ಲ ಹಕ್ಕಿಗಳೂ ಬೇಡ. ತಂತಿಯ ಮೇಲಿನ ಅಂಬರಗುಬ್ಬಿ, ಚರಂಡಿಯ ಬದಿಯ ಕುಂಡೆಕುಸ್ಕ, ದೋಣಿಯಿಂದ ಕಾಣುವ ಕಡಲಕಾಗೆ, ನೀರಂಚಿನ ಸಣ್ಣ ಗೊರವ, ನೀಲಿಬಾಲದ ಕಳ್ಳಿಪೀರ: ಈ ಐದು ಸಾಕು. ಕನ್ನಡದ ಹೆಸರು ತಿಳಿಯದಿದ್ದರೆ ಪಕ್ಕದ ಮಲೆಯಾಳಿ ಗೆಳೆಯನನ್ನು ಕೇಳಿ ಅವನ ಹೆಸರನ್ನೇ ಬರೆಯಿರಿ. ಮಕ್ಕಳಿದ್ದವರು ಅವರನ್ನೂ ಕರೆತನ್ನಿ. ಶಾಲೆಯ ಪುಸ್ತಕ ಕೊಡದ ನಾಲ್ಕ ಕನ್ನಡ ಹೆಸರು ಈ ನೆಪದಲ್ಲಿ ಅವರ ನಾಲಗೆಗೆ ಬರಲಿ. ವಿಷು ಕಳೆದ ಮೇಲಿನ ಕೂಟದಲ್ಲಿ ಎಲ್ಲರೂ ಕುಳಿತು ಲೆಕ್ಕ ಕೂಡಿಸೋಣ.

ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಮ್ಮೆ ತಂತಿಯ ಕಡೆ ತಲೆಯೆತ್ತಿ ನೋಡಿ. ಎಷ್ಟಿವೆಯೆಂದು ಎಣಿಸಿಕೊಳ್ಳಿ. ನಾಡಿದ್ದೂ ಎಣಿಸಿ.